ರಾಗಿ ತಿಂದರೂ ಸಕ್ಕರೆ ಕಾಯಿಲೆ ಬರುತ್ತಾ? ಹಾಸನದ ತಟ್ಟೆಯ ಲೆಕ್ಕ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೆಸರು ದಿನಾ ಸುದ್ದಿಯಲ್ಲಿತ್ತು. ಚಿಕ್ಕ ವಯಸ್ಸಿನವರೂ ಸೇರಿದಂತೆ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು ಎಂಬ ವರದಿಗಳು ಬರುತ್ತಲೇ ಇದ್ದವು. ಜನ ಹೆದರಿದರು. ಎದೆ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಆಗ ಎಲ್ಲೆಲ್ಲೂ ಕೇಳಿಬಂದ ಬುದ್ಧಿಮಾತು ಒಂದೇ: ಅನ್ನ ಬಿಡಿ, ಹಳೇ ಕಾಲದವರ ಹಾಗೆ ರಾಗಿ ಮುದ್ದೆ ತಿನ್ನಿ.

ಸೆಪ್ಟೆಂಬರ್ ಕೊನೆಗೆ ಇನ್ನೊಂದು ಸುದ್ದಿ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ದೊಡ್ಡ ಅಧ್ಯಯನವೊಂದು ಹೇಳಿತು: ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಿಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ಕಮ್ಮಿಯಾದಂತೆ ಕಾಣುವುದಿಲ್ಲ. ಹಾಗಾದರೆ ರಾಗಿಯೂ ವೇಸ್ಟಾ? ಅನ್ನವೇ ವಾಸಿನಾ? ಗೊಂದಲ ಸಹಜ. ಆದರೆ ಅಧ್ಯಯನದ ಇನ್ನರ್ಧ ಓದಿದರೆ ಗೊಂದಲ ಬಹುಪಾಲು ಕರಗುತ್ತದೆ. ಅದರ ಪ್ರಕಾರ ಯಾವ ಧಾನ್ಯ ಅನ್ನುವುದಕ್ಕಿಂತ, ಆ ಧಾನ್ಯ ಎಷ್ಟು ಮತ್ತು ಅದರ ಪಕ್ಕದಲ್ಲಿ ಏನಿದೆ ಅನ್ನುವುದು ಮುಖ್ಯ.

ಹಾಸನದ ಸಾವುಗಳ ಬಗ್ಗೆ ಗೊತ್ತಾಗಿದ್ದು

ಮೊದಲು ಹಿನ್ನೆಲೆ. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರಲ್ಲಿ 10 ಖಚಿತವಾಗಿ ಹೃದಯದ ಕಾಯಿಲೆಯಿಂದ ಆದವು, ಇನ್ನು 10 ‘ಇರಬಹುದು’ ಎಂಬ ಲೆಕ್ಕದವು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟು ಇದ್ದರು. ಸಿಗರೇಟು, ಕುಡಿತ, ಬಿಪಿ, ಶುಗರ್, ಬೊಜ್ಜು ಇವೇ ಹಳೇ ಕಾರಣಗಳು ಮತ್ತೆ ಮತ್ತೆ ಕಂಡವು.

ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ರಾಜಕೀಯ ಜಗಳವೂ ಆಯಿತು. 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ನೋಡಿದ ಐಸಿಎಂಆರ್ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಈ ಲೇಖನಕ್ಕೆ ಅಷ್ಟು ಸಾಕು.

ಇನ್ನು ವಯಸ್ಸಿನ ವಿಷಯ. ಇದು ಹಾಸನಕ್ಕೆ ಬಂದ ಹೊಸ ಪೀಡೆಯಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಅಂಕಿಗಳನ್ನು ನೋಡಿದಾಗ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗುತ್ತಿತ್ತು. ಉಳಿದವರಿಗಿಂತ ಸುಮಾರು 6 ವರ್ಷ ಮೊದಲೇ. ಹೃದಯಾಘಾತದ ಅಪಾಯದ ಬಹುಪಾಲು 9 ಅಂಶಗಳಲ್ಲಿ ಸಿಗುತ್ತದೆ ಎಂದೂ ಅದೇ ಅಧ್ಯಯನ ತೋರಿಸಿತು: ರಕ್ತದ ಕೊಬ್ಬು, ತಂಬಾಕು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮದ್ಯದ ಅಭ್ಯಾಸ, ಮೈ ಬಗ್ಗಿಸದಿರುವುದು. ಇದರಲ್ಲಿ ಐದು ನೇರವಾಗಿ ಅಡುಗೆಮನೆಗೆ ಸಂಬಂಧಪಟ್ಟವು. ತಂಬಾಕು ಅದರಲ್ಲಿಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುವವರು ಎಷ್ಟು ಸೊಪ್ಪು ತಿಂದರೂ ಆ ಲೆಕ್ಕ ಸರಿಹೋಗುವುದಿಲ್ಲ.

ಅಧ್ಯಯನ ಹೇಳಿದ್ದೇನು, ಹೇಳದೇ ಬಿಟ್ಟಿದ್ದೇನು

ಐಸಿಎಂಆರ್–ಇಂಡಿಯಾಬ್ ಎಂಬ ಈ ಸಮೀಕ್ಷೆ 18,090 ವಯಸ್ಕರ ಊಟದ ವಿವರ ತೆಗೆದುಕೊಂಡಿತು. ನಾವು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಎಂದು ಗೊತ್ತಾಯಿತು. ಪ್ರೊಟೀನ್‌ನ ಪಾಲು ಶೇ 12ರ ಆಸುಪಾಸು. ಇದು ತೀರಾ ಓರೆಯಾದ ತಟ್ಟೆ.

ಒಟ್ಟು ಪಿಷ್ಟ ಅಷ್ಟೇ ಇಟ್ಟುಕೊಂಡು, ಅಕ್ಕಿ ತೆಗೆದು ಸಿರಿಧಾನ್ಯದ ಹಿಟ್ಟು ಹಾಕಿದರೆ ಲಾಭ ಕಾಣಲಿಲ್ಲ. ಆದರೆ ಕ್ಯಾಲೊರಿಯ ಶೇ 5ರಷ್ಟನ್ನು ಮಾತ್ರ ಪಿಷ್ಟದಿಂದ ತೆಗೆದು ಬೇಳೆಕಾಳು, ಹಾಲು ಮೊಸರಿನ ಪ್ರೊಟೀನ್‌ಗೆ ಕೊಟ್ಟಂತೆ ಲೆಕ್ಕ ಹಾಕಿದರೆ ಅಪಾಯ ಇಳಿಯಿತು. ಸುದ್ದಿಯ ತಲೆಬರಹಗಳಲ್ಲಿ ಮೊದಲಿನದು ಬಂತು, ಎರಡನೆಯದು ಒಳಗೆಲ್ಲೋ ಉಳಿಯಿತು.

ಒಂದು ಎಚ್ಚರಿಕೆ ಮಾತ್ರ ಬೇಕು. ಇದು ಒಂದು ಕಾಲಕ್ಕೆ ಜನರನ್ನು ಕೇಳಿ ಮಾಡಿದ ಸಮೀಕ್ಷೆ. ಒಬ್ಬರಿಗೆ ಮುದ್ದೆ, ಇನ್ನೊಬ್ಬರಿಗೆ ಅನ್ನ ಕೊಟ್ಟು ಹತ್ತು ವರ್ಷ ಕಾದು ನೋಡಿದ ಪ್ರಯೋಗ ಅಲ್ಲ. ಶುಗರ್ ಇದೆ ಅಂತ ಹೆದರಿಯೇ ರಾಗಿಗೆ ಬಂದವರೂ ಇಂಥ ಲೆಕ್ಕದಲ್ಲಿ ಸೇರಿಕೊಳ್ಳಬಹುದು. ಹಾಗಾಗಿ ‘ರಾಗಿ ಕೆಲಸಕ್ಕೆ ಬಾರದು’ ಎಂದು ಇದರಿಂದ ತೀರ್ಮಾನಿಸುವುದು ಅವಸರ.

ಎರಡು ಮುದ್ದೆಯ ಲೆಕ್ಕ

ರಾಗಿಗೆ ತನ್ನದೇ ಆದ ಗುಣ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ರಾಗಿ ಕಾಳು ತೀರಾ ಸಣ್ಣದಾದ್ದರಿಂದ ಸಿಪ್ಪೆ ಬಿಡಿಸುವುದು ಕಷ್ಟ. ಹಾಗಾಗಿ ಸಿಪ್ಪೆ ಸಮೇತ ಬೀಸುತ್ತೇವೆ, ಆ ನಾರು ಹೊಟ್ಟೆಗೆ ಬರುತ್ತದೆ. ಜರಡಿ ಹಿಡಿದು ನುಣ್ಣಗೆ ಮಾಡಿದ ಹಿಟ್ಟಾದರೆ ಆ ಲಾಭವೂ ಕಮ್ಮಿ.

ಆದರೆ ಎರಡು ವಿಷಯ ನಾವು ಮರೆಯುತ್ತೇವೆ. ಒಂದು, ರಾಗಿಯಲ್ಲಿ ಪ್ರೊಟೀನ್ ಇರುವುದು 100 ಗ್ರಾಂಗೆ 7 ಗ್ರಾಂ ಚಿಲ್ಲರೆ. ಅಕ್ಕಿಗಿಂತ ಜಾಸ್ತಿಯೇನಲ್ಲ. ಎರಡು, ಅದರ ಬಹುಪಾಲು ಪಿಷ್ಟವೇ. ಹಿಟ್ಟು ನುಣ್ಣಗಾದಷ್ಟೂ, ಎಸರಲ್ಲಿ ಚೆನ್ನಾಗಿ ಬೆಂದಷ್ಟೂ ಆ ಪಿಷ್ಟ ಬೇಗ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು! ಬಾಯಿಗೆ ಕೆಲಸ ಇಲ್ಲದ ಊಟ ಹೊಟ್ಟೆ ತುಂಬಿದ್ದು ಗೊತ್ತಾಗುವ ಮೊದಲೇ ಮುಗಿದಿರುತ್ತದೆ.

ಈಗ ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇನಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆ ಹೀಗಿದೆ: ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85, ಕಡಲೆಕಾಯಿ ಬೀಜದಂಥವು 35, ಎಣ್ಣೆ ತುಪ್ಪ 27 ಗ್ರಾಂ, ಜತೆಗೆ 300 ಮಿಲಿಲೀಟರ್ ಹಾಲು ಅಥವಾ ಮೊಸರು. ಎಲ್ಲವೂ ಹಸಿ ತೂಕ, ಇಡೀ ದಿನಕ್ಕೆ.

ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದುಕೊಳ್ಳಿ. ರಾತ್ರಿ ಎರಡು ಮುದ್ದೆ ಉಂಡರೆ 200 ಗ್ರಾಂ, 640 ಕ್ಯಾಲೊರಿ. ದಿನದ ಧಾನ್ಯದ ಪಾಲಿನಲ್ಲಿ ಉಳಿದದ್ದು 50 ಗ್ರಾಂ. ಅದು ಬೆಳಗ್ಗೆ ಒಂದು ಅಕ್ಕಿ ರೊಟ್ಟಿಗೇ ಮುಗಿದುಹೋಗುತ್ತದೆ. ಮಧ್ಯಾಹ್ನದ ಅನ್ನ, ಮುದ್ದೆ ಆದಮೇಲಿನ ‘ಒಂದು ಹಿಡಿ ಅನ್ನ ಮಜ್ಜಿಗೆ’, ಸಂಜೆಯ ಬನ್ನು ಎಲ್ಲವೂ ಹೆಚ್ಚುವರಿ. ಬೆಳಗಿನಿಂದ ಗುದ್ದಲಿ ಹಿಡಿದು, ಹೊರೆ ಹೊತ್ತು ದುಡಿದವರ ಮೈ ಇದನ್ನು ಕರಗಿಸುತ್ತಿತ್ತು, ಈಗಲೂ ಕರಗಿಸುತ್ತದೆ. ಸ್ಟೀರಿಂಗ್ ಹಿಂದೆ, ಕೌಂಟರ್ ಹಿಂದೆ ಕೂತವರ ಮೈ ಏನು ಮಾಡಬೇಕು? ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಬದಲಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಇನ್ಸುಲಿನ್ ಮಾತು ಕೇಳದಾಗುತ್ತದೆ. ಶುಗರ್‌ಗೂ ಹೃದಯಕ್ಕೂ ಸಂಬಂಧ ಇಲ್ಲೇ ಬೆಸೆದುಕೊಂಡಿದೆ. ಎಣ್ಣೆ ಮುಟ್ಟದವರಿಗೂ ‘ಕೊಬ್ಬು ಜಾಸ್ತಿ’ ಎಂದು ವರದಿ ಬರುವುದು ಹೀಗೇ.

ಕಾಳು ದನಕ್ಕೆ, ಕಟ್ಟು ನಮಗೆ

ಹಾಗಾದರೆ ಆ ಶೇ 5 ಎಂದರೆ ಎಷ್ಟು? 2000 ಕ್ಯಾಲೊರಿಯಲ್ಲಿ 100 ಕ್ಯಾಲೊರಿ, ಅಂದರೆ 25 ಗ್ರಾಂ ಪ್ರೊಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ. ಹಾಸನ ಸೀಮೆಯ ಹೊಲದಲ್ಲೇ ಬೆಳೆಯುವ, ಹೊರಗಿನಿಂದ ತರಿಸಬೇಕಿಲ್ಲದ ಕಾಳು ಅದು.

ಆದರೆ ಹುರುಳಿ ಕಟ್ಟಿನ ಸಾರು ಮಾಡುವ ಕ್ರಮ ನೋಡಿ. ಕಾಳು ಬೇಯಿಸುತ್ತಾರೆ, ನೀರು ಬಸಿಯುತ್ತಾರೆ, ಆ ಕಟ್ಟಿಗೆ ಹುಳಿ ಖಾರ ಹಾಕಿ ಕುದಿಸುತ್ತಾರೆ. ರುಚಿಗೆ ಎದುರಿಲ್ಲ. ಬೆಂದ ಕಾಳು ಮಾತ್ರ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಗೆ ಹೋಗುತ್ತದೆ. ಪ್ರೊಟೀನ್ ಎತ್ತಿಗೆ, ಪರಿಮಳ ನಮಗೆ. ಎತ್ತು ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಬಸ್ಸಾರು ಇದಕ್ಕಿಂತ ಜಾಣ ಅಡುಗೆ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬಸಿದು ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಎರಡೂ ತಟ್ಟೆಗೆ ಬಂದರೆ ಮಾರ್ಗಸೂಚಿ ಕೇಳುವ ಬಹುಪಾಲು ಅಲ್ಲೇ ಇದೆ. ಎಡವಟ್ಟಾಗುವುದು ಬಡಿಸುವಾಗ. ಮುದ್ದೆ ದೊಡ್ಡದು, ಸಾರು ಧಾರಾಳ, ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ. ಮುದ್ದೆಯನ್ನು ಒಂದಕ್ಕೆ ಇಳಿಸಿ ಪಲ್ಯವನ್ನು ಒಂದು ಬಟ್ಟಲಿಗೆ ಏರಿಸಿದರೆ ಅಧ್ಯಯನ ಹೇಳಿದ ಅದಲುಬದಲು ಆಯಿತು. ಹೊಸ ಪದಾರ್ಥ ಏನೂ ಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ಹಿದಕಬೇಳೆ ಸಾರು ಮಾಡಿದಾಗ ಇದು ತಾನಾಗೇ ಆಗುತ್ತದೆ, ಏಕೆಂದರೆ ಆಗ ಸಾರಿನ ತುಂಬ ಕಾಳೇ.

ತೊಗರಿಬೇಳೆ ಸಾರಿನ ಕಥೆ ಬೇರೆ. ನಾಲ್ಕು ಜನರ ಮನೆಗೆ ತಲೆಗೆ 85 ಗ್ರಾಂನಂತೆ ದಿನಕ್ಕೆ 340 ಗ್ರಾಂ ಬೇಳೆಕಾಳು ಬೇಕು. ಬೇಳೆ ದುಬಾರಿ ಎಂದು ಒಂದು ಹಿಡಿ ಹಾಕಿ ನಾಲ್ಕು ಜನಕ್ಕೆ ನೀರು ಮುಂದೆ ಮಾಡಿದರೆ ಅದು ಅನ್ನ ಜಾರಲು ಬೇಕಾದ ಒದ್ದೆ ಮಾತ್ರ. ಮಾಂಸಾಹಾರಿಗಳ ಮನೆಗೂ ಈ ಮಾತು ಅನ್ವಯಿಸುತ್ತದೆ. ಭಾನುವಾರ ಬಾಡೂಟ ಜೋರಾಗಿದ್ದರೂ ಉಳಿದ ಆರು ದಿನ ತಿಳಿಸಾರೇ ತಾನೇ? ಅಧ್ಯಯನದಲ್ಲಿ ಕೆಂಪು ಮಾಂಸದ ಪ್ರೊಟೀನ್‌ಗೆ ಬೇಳೆ, ಹಾಲಿನಷ್ಟು ಒಳ್ಳೆ ಗುರುತು ಸಿಕ್ಕಿಲ್ಲ ಎಂಬುದೂ ಗಮನದಲ್ಲಿರಲಿ.

ಉಪ್ಪು: ಜಗಳವೇ ಇಲ್ಲದ ಜಾಗ

ಅಕ್ಕಿ ರಾಗಿ ಬಗ್ಗೆ ತಜ್ಞರು ಇನ್ನೂ ವಾದ ಮಾಡಬಹುದು. ಉಪ್ಪಿನ ಬಗ್ಗೆ ಹೆಚ್ಚು ವಾದ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ. ನಾವು ತಿನ್ನುವುದು 8 ಗ್ರಾಂನ ಆಸುಪಾಸು ಅಥವಾ ಇನ್ನೂ ಜಾಸ್ತಿ. ಉಪ್ಪಿನ ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಗಾತ್ರ ಏರುತ್ತದೆ, ರಕ್ತನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಬಿಪಿ ಏರಿದ್ದು ನೋವಿನಿಂದ ಗೊತ್ತಾಗುವುದಿಲ್ಲ. ಅದೇ ತೊಂದರೆ. 2023ರಲ್ಲಿ ಬಂದ ಇಂಡಿಯಾಬ್ ವರದಿಯಲ್ಲೇ ದೇಶದ ವಯಸ್ಕರಲ್ಲಿ ಶೇ 35ರಷ್ಟು ಮಂದಿಗೆ ಬಿಪಿ ಇದ್ದದ್ದು ಕಂಡಿತ್ತು.

ನಮ್ಮ ಕಡೆ ಉಪ್ಪು ಬರುವುದು ಚಿಪ್ಸ್ ಪ್ಯಾಕೆಟ್‌ಗಿಂತ ಜಾಸ್ತಿ ಒಲೆಯ ಮೇಲಿನಿಂದಲೇ. ಉಪ್ಸಾರು ಮತ್ತು ಅದರ ಜತೆಯ ಖಾರ, ಮಲೆನಾಡಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಮಜ್ಜಿಗೆಗೆ ಇನ್ನೊಂದು ಚಿಟಿಕೆ. ದೊಡ್ಡ ಮುದ್ದೆ ಇಳಿಯಲು ಸಾರು ಜಾಸ್ತಿ ಬೇಕು, ಸಪ್ಪೆ ಮುದ್ದೆಗೆ ಸಾರು ಉಪ್ಪಾಗಿರಬೇಕು. ಹಾಗಾಗಿ ಧಾನ್ಯ ಜಾಸ್ತಿಯಾದರೆ ಉಪ್ಪೂ ಜತೆಗೇ ಏರುತ್ತದೆ. ಒಂದನ್ನು ಇಳಿಸಿದರೆ ಇನ್ನೊಂದು ಅರ್ಧ ತಾನಾಗೇ ಇಳಿಯುತ್ತದೆ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಒಂದು ಪ್ರಯೋಗ ನಡೆದು, 2021ರಲ್ಲಿ ಫಲಿತಾಂಶ ಬಂತು. ಮಾಮೂಲಿ ಉಪ್ಪಿನ ಕಾಲು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಮ್ಮಿಯಾಯಿತು. ಇದು ನಿಜವಾದ ಪ್ರಯೋಗ, ಬರೀ ಸಮೀಕ್ಷೆಯಲ್ಲ. ಇಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ‘ಲೋ ಸೋಡಿಯಂ’ ಹೆಸರಲ್ಲಿ ಸಿಗುತ್ತದೆ. ಆದರೆ ಕಿಡ್ನಿ ತೊಂದರೆ ಇದ್ದವರು, ಕೆಲವು ಬಗೆಯ ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ.

ಕಲ್ಲುಪ್ಪು, ಇಂದುಪ್ಪು, ಗುಲಾಬಿ ಉಪ್ಪು ‘ಒಳ್ಳೇದು’ ಎಂಬ ಮಾತಿಗೆ ಬೆಲೆ ಕೊಡಬೇಕಿಲ್ಲ. ಅವೂ ಬಹುತೇಕ ಸೋಡಿಯಂ ಕ್ಲೋರೈಡೇ. ಮೇಲಾಗಿ ಅಯೋಡಿನ್ ಇರುವುದಿಲ್ಲ. ಮಳೆ ಜಾಸ್ತಿ ಹೊಯ್ಯುವ ಬೆಟ್ಟದ ಸೀಮೆಗಳಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿ ಹೋಗಿರುತ್ತದೆ. ಅಲ್ಲಿನವರು ಅಯೋಡಿನ್ ಉಪ್ಪು ಬಿಟ್ಟರೆ ಥೈರಾಯ್ಡ್ ತೊಂದರೆಗೆ ದಾರಿ.

ಅರಸೀಕೆರೆಯಲ್ಲಿ ತೆಂಗಿನ ವಾದ

ತೆಂಗು ಬೆಳೆಯುವ ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಎಣ್ಣೆಯ ಬಗ್ಗೆ ಸುಮ್ನೆ ಬಾಯಿ ಬಿಡುವ ಹಾಗಿಲ್ಲ. ಒಂದು ಕಡೆಯವರು ಹೇಳುವುದು: ತಲೆತಲಾಂತರದಿಂದ ತಿಂದಿದ್ದೇವೆ, ರಿಫೈನ್ಡ್ ಎಣ್ಣೆ ಬಂದಮೇಲೆ ತಾನೇ ಕಾಯಿಲೆ ಬಂದಿದ್ದು. ಇನ್ನೊಂದು ಕಡೆಯವರು ತೋರಿಸುವುದು: ಕೊಬ್ಬರಿ ಎಣ್ಣೆಯ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಪ್ರಯೋಗಗಳನ್ನು ಒಟ್ಟು ಸೇರಿಸಿ 2020ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿ, ಕಡಲೆಕಾಯಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಅದು ಕೆಟ್ಟ ಕೊಲೆಸ್ಟರಾಲನ್ನು ಸುಮಾರು 10 ಅಂಕ ಏರಿಸುತ್ತದೆ.

ಇಬ್ಬರ ಮಾತಲ್ಲೂ ಹುರುಳಿದೆ, ಆದರೆ ಮಾತಾಡುತ್ತಿರುವ ವಸ್ತು ಬೇರೆ ಬೇರೆ. ಹಿರಿಯರು ತಿಂದದ್ದು ಸಾರಿಗೆ ರುಬ್ಬಿ ಹಾಕಿದ ಹಸಿ ಕಾಯಿ. ಅದರಲ್ಲಿ ಕೊಬ್ಬು ಮೂರನೇ ಒಂದು ಪಾಲು, ಜತೆಗೆ ನಾರು, ನೀರು. ಪ್ರಯೋಗದಲ್ಲಿ ಕೊಟ್ಟಿದ್ದು ಹಿಂಡಿದ ಎಣ್ಣೆ. ಪಲ್ಯಕ್ಕೆ ಉದುರಿಸಿದ ಕಾಯಿತುರಿಗೆ ಹೆದರಬೇಕಿಲ್ಲ. ಕರಿಯಲು ಲೀಟರುಗಟ್ಟಲೆ ಕೊಬ್ಬರಿ ಎಣ್ಣೆಯೋ ಪಾಮೆಣ್ಣೆಯೋ ಬಳಸಿದರೆ ಹೆದರಬೇಕು. ತುಪ್ಪವೋ ಎಣ್ಣೆಯೋ, ಒಟ್ಟು 27 ಗ್ರಾಂ ಎಂದರೆ ಎರಡು ದೊಡ್ಡ ಚಮಚ. ಜಗಳ ಆ ಎರಡು ಚಮಚದ ಒಳಗೇ ಆಗಲಿ.

ಕಾಫಿ, ಆಲೂಗಡ್ಡೆ

ಕಾಫಿ ಬೆಳೆಯುವ ಜಿಲ್ಲೆಗೆ ಸಮಾಧಾನದ ಸುದ್ದಿ: ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ ಕಮ್ಮಿ ಎಂದೇ ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಆದರೆ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಮೂರು ಲೋಟಕ್ಕೆ 25 ಗ್ರಾಂ ದಾಟುತ್ತದೆ. ಇಡೀ ದಿನದ ಸಕ್ಕರೆಯ ಮಿತಿಯೇ ಅಷ್ಟು. ಬೆಲ್ಲ ಹಾಕಿದರೂ ಲೆಕ್ಕ ಬದಲಾಗದು. ಇನ್ನೊಂದು, ಊಟ ಮುಗಿದ ಕೂಡಲೇ ಕಾಫಿ ಬೇಡ. ಅದು ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ ಎನ್ನುತ್ತದೆ ಪೋಷಣಾ ಸಂಸ್ಥೆ.

ಹಾಸನದ ಆಲೂಗಡ್ಡೆಗೂ ಸುಮ್ನೆ ಕೆಟ್ಟ ಹೆಸರು. ಅಮೆರಿಕದ 2 ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ವಿವರ ನೋಡಿ 2025ರಲ್ಲಿ ಬಂದ ವರದಿಯಲ್ಲಿ, ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವವರಿಗೆ ಸಕ್ಕರೆ ಕಾಯಿಲೆಯ ಅಪಾಯ ಶೇ 20 ಜಾಸ್ತಿ ಇತ್ತು. ಬೇಯಿಸಿದ ಆಲೂಗಡ್ಡೆಯಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆದರೆ ಅದನ್ನು ತರಕಾರಿ ಲೆಕ್ಕಕ್ಕೆ ಸೇರಿಸಬೇಡಿ. ಅನ್ನದ ಜತೆ ಆಲೂ ಪಲ್ಯ ಅಂದರೆ ಪಿಷ್ಟದ ಮೇಲೆ ಪಿಷ್ಟ.

ಮನೆಯಲ್ಲಿ ಉಣ್ಣದವರ ಪಾಡು

ಮೇಲಿನ ಮಾತೆಲ್ಲ ಮನೆ ಊಟದವರಿಗೆ. ಚನ್ನರಾಯಪಟ್ಟಣದಿಂದ ಶಿರಾಡಿವರೆಗೆ ಹೆದ್ದಾರಿಯಲ್ಲೇ ಹೊತ್ತು ಕಳೆಯುವ ಚಾಲಕನಿಗೆ ತಟ್ಟೆಯ ಆಯ್ಕೆ ಎಷ್ಟಿದೆ? ರಾತ್ರಿ ತೆರೆದಿರುವುದು ಬೇಕರಿ, ಟೀ ಅಂಗಡಿ. ಸಿಗುವುದು ಬನ್ನು, ಪಫ್ಸ್, ಬೋಂಡ, ಎಗ್ ರೈಸ್. ಡಾಲ್ಡಾದಂಥ ಕೊಬ್ಬಿನಲ್ಲಿನ ಟ್ರಾನ್ಸ್ ಫ್ಯಾಟ್ ಮಿತಿಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಿಂದ ಶೇ 2ಕ್ಕೆ ಇಳಿಸಿದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೂ ಮಿತಿ ಹಾಕಿದೆ. ಬಾಣಲೆಯ ಕಪ್ಪೆಣ್ಣೆಯನ್ನು ಪ್ರತಿ ಸಂಜೆ ಯಾರು ಅಳೆಯುತ್ತಾರೆ ಎಂಬುದು ಬೇರೆ ಪ್ರಶ್ನೆ. ಇಂಥವರಿಗೆ ‘ಸೊಪ್ಪು ತಿನ್ನಿ’ ಅನ್ನುವುದು ಸುಲಭ. ಬೇಯಿಸಿದ ಮೊಟ್ಟೆ ಎರಡು, ಕಡಲೆಕಾಯಿ, ಬಾಳೆಹಣ್ಣು ಈ ಅಂಗಡಿಗಳಲ್ಲೇ ಸಿಗುತ್ತವೆ. ಬನ್ನಿನ ಜಾಗಕ್ಕೆ ಅವು ಬಂದರೂ ಸಾಕಷ್ಟು ಆಯಿತು.

ಊಟದ ಫಲ ವರ್ಷಗಳ ಲೆಕ್ಕದಲ್ಲಿ ಸಿಗುವಂಥದ್ದು. ಹಾಗಾಗಿ ಹುರುಳಿ ಶುರುಮಾಡಿದೆ ಎಂದು ಬಿಪಿ, ಶುಗರ್ ಮಾತ್ರೆ ನಿಲ್ಲಿಸಬಾರದು. ಎದೆ ಹಿಂಡಿದಂತಾಗಿ ಬೆವರು ಬಂದಾಗ ಜೀರಿಗೆ ಕಷಾಯ ಕಾಸುತ್ತಾ ಕೂರಬಾರದು. ಆಗ ಆಸ್ಪತ್ರೆಯೇ ದಾರಿ.

ರೇಷನ್ ಚೀಲದಿಂದ ಹೊಲದವರೆಗೆ

ತಟ್ಟೆ ಓರೆಯಾಗಿರುವುದಕ್ಕೆ ಮನೆಯವರ ಆಸೆಯೊಂದೇ ಕಾರಣವಲ್ಲ. ದಶಕಗಳಿಂದ ಅಗ್ಗಕ್ಕೆ ಸಿಕ್ಕಿದ್ದು ಅಕ್ಕಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ ಮುಂತಾದ ದಿನಸಿಯ ‘ಇಂದಿರಾ ಕಿಟ್’ ಕೊಡಲು ತೀರ್ಮಾನಿಸಿತು. ಅಕ್ಕಿ ಇಳಿದು ಬೇಳೆ ಬರುವುದು ಅಧ್ಯಯನ ಹೇಳಿದ ದಿಕ್ಕೇ. ಆದರೆ ಅದೇ ಚೀಲದಲ್ಲಿ ಸಕ್ಕರೆ, ಉಪ್ಪು ಕೂಡ ಇವೆ! ಅಳತೆಯೂ ನೋಡಬೇಕು. ಒಂದು ಕೆಜಿ ಬೇಳೆಯನ್ನು ನಾಲ್ಕು ಜನ 30 ದಿನಕ್ಕೆ ಹಂಚಿಕೊಂಡರೆ ತಲೆಗೆ ದಿನಕ್ಕೆ 8 ಗ್ರಾಂ. ಬೇಕಿರುವುದು 85.

ಉಳಿದದ್ದು ಹೊಲದಿಂದ ಬರಬೇಕು, ಮೊದಲು ಬರುತ್ತಲೂ ಇತ್ತು. ರಾಗಿ ಹೊಲದ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಸಾಸಿವೆ ಹಾಕುತ್ತಿದ್ದರು. ಮುದ್ದೆಯೂ ಸಾರಿನ ಕಾಳೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದವು. ಈಗ ರಾಗಿಗೆ ಬೆಂಬಲ ಬೆಲೆ ಇದೆ (2025–26ರಲ್ಲಿ ಕ್ವಿಂಟಾಲ್‌ಗೆ 4,886 ರೂಪಾಯಿ ಇತ್ತು), ಖರೀದಿ ಕೇಂದ್ರ ಇದೆ. ಹುರುಳಿಗೆ, ಅವರೆಗೆ, ಅಲಸಂದೆಗೆ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ಕಟಾವು ಯಂತ್ರ ಇಳಿಸುವ ಹೊಲದಲ್ಲಿ ಅಕ್ಕಡಿ ಸಾಲು ಅಡ್ಡ ಬರುತ್ತದೆ. ಕಾಳಿಗೆ ಖಾತ್ರಿ ಬೆಲೆ ಸಿಗದಿರುವಾಗ ಯಂತ್ರ ಬಿಟ್ಟು ಕೂಲಿ ಕೊಟ್ಟು ಕುಯ್ಯಿಸುವ ಗೋಜಿಗೆ ರೈತ ಹೋಗುವುದಿಲ್ಲ.